ತೊಯ್ದ ಜೋಳದ ತೂಕ

ನನ್ನ ಹೊಟ್ಟೆ ಮುಂದೆ ಬರತೊಡಗಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಹುಡುಗ ಮೈ ಹಿಡಿಯುತ್ತಿದ್ದಾನೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ಇದನ್ನು ಕೇಳಿದರೆ ಈಗಿನವರು ನಗುತ್ತಾರೆ, ನಗಲಿ. ಲಿವರಿನ ರೋಗವನ್ನು ಮೈಯಲ್ಲಿ ಇಟ್ಟುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ, ಹಾಗಾಗಿ ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದೇ ರೋಗ ಹಿಡಿದು ಯಾವುದೋ ಮನೆಯ ಪಡಸಾಲೆಯಲ್ಲಿ ಗಂಜಿ ಕುಡಿಯುತ್ತ ಬಿದ್ದಿರುವ ಒಬ್ಬ ಇದನ್ನು ಓದಬಹುದು. ಅವನಿಗಾಗಿ ಬರೆಯುತ್ತಿದ್ದೇನೆ. ರೋಗದ ಬಗ್ಗೆ ನನಗೇನೂ ತಿಳಿಯದು, ಹಸಿವಿನ ಬಗ್ಗೆ ಮಾತ್ರ ಚೆನ್ನಾಗಿ ತಿಳಿದಿದೆ.

ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮೂಲದಲ್ಲಿ ನಾವು ಬಬಲೇಶ್ವರದವರು, ಅಪ್ಪನ ಕಾಲಕ್ಕೆ ಪೇಟೆಗೆ ಬಂದವರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಗುರುಪಾದ ಗಾದಿಯ ಮೇಲೆ ಕೂತ, ನಾನು ಅವನ ಕೈಕೆಳಗೆ. ಮನೆಯಲ್ಲಿ ಅವ್ವನ ಮಾತೇ ಮಾತು. ನನಗೆ ಟಿಕೋಟಾದ ನೀಲವ್ವನನ್ನು ತಂದುಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಅಂಗಡಿಯ ತೊಲೆಗೆ ಒಂದು ದೊಡ್ಡ ತಕ್ಕಡಿ ತೂಗುಹಾಕಿತ್ತು. ಒಂದು ತಟ್ಟೆಯಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ಕಬ್ಬಿಣದ ತೂಕದ ಕಲ್ಲು. ಆಗ ಸೇರು, ಮಣ ಹೋಗಿ ಕಿಲೋ ಬಂದು ಸ್ವಲ್ಪ ಕಾಲವಾಗಿತ್ತು. ಅಣ್ಣ ಹೊಸ ಕಲ್ಲುಗಳನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದ. ಅವನು ವ್ಯಾಪಾರದಲ್ಲಿ ಮಹಾ ಜಾಣ. ರೈತರು ಚೀಲ ತಂದರೆ ಮೊದಲು ತೂಗುತ್ತಲೇ ಇರಲಿಲ್ಲ. ಚೀಲದ ಬಾಯಿ ಬಿಚ್ಚಿಸಿ ಮೊಳಕೈ ಮುಳುಗುವಷ್ಟು ಕೈ ಹಾಕಿ, ತಳದ ಕಾಳು ತಂದು, ಹಲ್ಲಿನಲ್ಲಿ ಕಡಿಯುತ್ತಿದ್ದ. ಕಟ್ಟೆಂದು ಒಡೆದರೆ ಸರಿ. ಮೆತ್ತಗೆ ಸಿಕ್ಕಿತೋ, ಆ ಚೀಲ ಬಂಡಿಗೆ ವಾಪಸ್ಸು. "ನೀರ ಹೊಡದ ತಂದೀಯಲ್ಲೋ ಮಾವಾ, ಜ್ವಾಳಾ ಮಾರಾಕ ಬಂದೀಯೋ ಬಾವೀನ ಮಾರಾಕ ಬಂದೀಯೋ?" ಎಂದು ಎಲ್ಲರೆದುರು ಮರ್ಯಾದೆ ತೆಗೆಯುತ್ತಿದ್ದ.

ನನಗೆ ಮೊದಲು ಬಂದದ್ದು ಕಾಮಣಿ. ಕಣ್ಣು, ಉಗುರು, ಉಚ್ಚೆ ಎಲ್ಲ ಅರಿಷಿಣ. ಬಂದ ಹಾಗೆ ಹೋಯಿತು, ಮರುವರ್ಷ ಮತ್ತೆ ಬಂತು, ಆಮೇಲೆ ಪೂರ್ತಿ ಬಿಟ್ಟು ಹೋಗಲೇ ಇಲ್ಲ. ಕದ್ದು ಕುಡಿಯುತ್ತಾನೆ ಎಂದು ಓಣಿಯವರು ಆಡಿಕೊಂಡರು. ಶೆರೆಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ ನಾನು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ನಮ್ಮ ಸೋದರತ್ತೆಯೇ ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದ್ದಳು.

ಅವ್ವ ನನ್ನನ್ನು ಬಬಲೇಶ್ವರದ ಕಡೆಯ ಒಬ್ಬ ಔಷಧಿ ಕೊಡುವವನ ಹತ್ತಿರ ಕರೆದೊಯ್ದಳು. ಅವನು ಕಬ್ಬಿಣದ ಸಲಾಕೆ ಕೆಂಪಗೆ ಕಾಸಿ ಎರಡೂ ಮುಂಗೈಗೆ ಚುಟಿಗೆ ಹಾಕಿದ. ನಾನು ಕೂಗುವಾಗ ಅಣ್ಣ ನನ್ನ ಭುಜ ಒತ್ತಿ ಹಿಡಿದಿದ್ದ. ಆಮೇಲೆ ಯಾವುದೋ ಸೊಪ್ಪಿನ ರಸ ಕುಡಿಸಿ, ಪಥ್ಯ ಹೇಳಲು ಬಾಯಿ ತೆರೆದ.

"ಅದನ್ನ ನನಗ ಹೇಳಬ್ಯಾಡ್ರಿ" ಎಂದಳು ಅವ್ವ. "ಇವರಪ್ಪಗ ಇದ ರೋಗ ಬಂದಿತ್ತು. ಪಥ್ಯಾ ಮಾಡಿ ಮಾಡಿ ನನ್ನ ಕೈ ಪಳಗೈತಿ."

ಅದು ನಿಜ. ಅಪ್ಪನಿಗೂ ಹೀಗೇ ಕಾಮಣಿ, ಹೀಗೇ ಹೊಟ್ಟೆ. ಅವ್ವ ಅವನನ್ನು ವರ್ಷಗಟ್ಟಲೆ ಪಥ್ಯದಲ್ಲಿಟ್ಟಳು. ಕಡೆಯ ದಿನ ಅಪ್ಪ ಒಂದು ತುತ್ತು ಬೇಳೆ ಕೇಳಿದನಂತೆ, ಅವಳು ಕೊಡಲಿಲ್ಲ. ಆ ಮಾತನ್ನು ಅವಳು ಮುಚ್ಚಿಟ್ಟಿರಲಿಲ್ಲ. ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು: "ಸಾಯೂ ದಿನಾನೂ ನಾ ಪಥ್ಯಾ ಮುರೀಲಿಲ್ಲರಿ. ಕರಳ ಕಿತ್ತ ಬರತಿತ್ತು, ಆದ್ರೂ ಮುರೀಲಿಲ್ಲ. ಅವರ ಆಯುಷ್ಯ ಅಷ್ಟ ಇತ್ತು, ನನ್ನ ಕಡಿಂದ ತಪ್ಪ ಆಗಲಿಲ್ಲ." ಕೇಳಿದ ಹೆಂಗಸರು ಅವಳ ಕೈ ಹಿಡಿದು, ಇಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು.

ನನ್ನ ಪಥ್ಯ ಸುರುವಾಯಿತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಎಣ್ಣೆ ಕಣ್ಣಿಗೂ ಬೀಳುವಂತಿಲ್ಲ. ಬೇಳೆ ವಾಯು, ಹಾಲು ಪಿತ್ತ, ಮೊಸರು ಕಫ, ಶೇಂಗಾ ವಿಷ. ಹಾಗಾದರೆ ಏನು ಉಳಿಯಿತು? ಅಕ್ಕಿಯ ನುಚ್ಚು ಕುದಿಸಿ ಬಸಿದ ತಿಳಿ ಗಂಜಿ. ತಟ್ಟೆಯ ತಳದ ಕಲಾಯಿ ಅದರೊಳಗಿಂದ ಕಾಣುತ್ತಿತ್ತು. ನನ್ನ ಹಾಸಿಗೆ ಹಾಕಿದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಚೀಲಗಳ ನಡುವೆ. ತಲೆಯ ಹತ್ತಿರ ತೊಗರಿ, ಕಾಲಿನ ಹತ್ತಿರ ಕಡಲೆ, ಗೋಡೆಗೆ ಮಡಕಿ ಕಾಳು. ಅರ್ಧ ಪೇಟೆ ಉಣ್ಣುವಷ್ಟು ಕಾಳಿನ ಮಧ್ಯೆ ನಾನು ನೀರು ಕುಡಿದು ಮಲಗುತ್ತಿದ್ದೆ. ದೇವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮೊದಮೊದಲು ಹಸಿವು ನನ್ನನ್ನು ಹರಿದು ತಿಂದಿತು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಳು ಬರುತ್ತಿತ್ತು. ಮದುವೆಯಾದ ಗಂಡಸು, ಸಾಸಿವೆ ಸಿಡಿದ ಸದ್ದಿಗೆ ಅಳುತ್ತಿದ್ದೆ. ಆಮೇಲೆ ಒಂದು ದಿನ ಹಸಿವು ತಾನಾಗಿ ನಿಂತುಹೋಯಿತು. ಗಂಜಿ ತಂದರೂ ಬೇಡ, ತರದಿದ್ದರೂ ಸರಿ. "ಲಂಘನಂ ಪರಮೌಷಧಂ ಅಂತಾರ ನೋಡು, ಹಸಿವಿ ಕಟ್ಟಿತಂದ್ರ ರೋಗ ಕಟ್ಟಿಧಂಗ" ಎಂದು ಅವ್ವ ಸಮಾಧಾನಪಟ್ಟಳು. ನನಗೂ ಹಾಗೇ ಅನ್ನಿಸಿತ್ತು.

ನೀಲವ್ವನಿಗೆ ಮಾತ್ರ ಅನ್ನಿಸಲಿಲ್ಲ. ಒಂದು ಮಧ್ಯಾಹ್ನ ಅವಳು ಬೇಯಿಸಿದ ಬೇಳೆಯನ್ನು ಸಣ್ಣ ಬಟ್ಟಲಲ್ಲಿ ಹಾಕಿಕೊಂಡು ಸೆರಗಿನಲ್ಲಿ ಮುಚ್ಚಿ ತಂದಳು. ಮೊದಲ ತುತ್ತು ಬಾಯಲ್ಲಿ ಇದ್ದಾಗಲೇ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಉಗುಳು" ಎಂದಳು ನನಗೆ. ನಾನು ಉಗುಳಿದೆ. ಆಮೇಲೆ ಸೊಸೆಯ ಕಡೆ ತಿರುಗಿ, "ಗಂಡನ್ನ ಕೊಂದು ಟಿಕೋಟಾಕ ಹೋಗಾಕ ಅವಸರ ಆಗೇತೇನ ಬೇ ನಿನಗ?" ಎಂದಳು.

"ಅತ್ತೀ, ಅವರ ಎದಿ ಎಲುವ ನೋಡ್ರಿ. ಎಣಿಸಾಕ ಬರತಾವು."

"ಹೊಟ್ಟಿ ನೋಡು. ಎಷ್ಟ ತುಂಬೇತಿ ನೋಡು. ಎಲುವ ಎಣಿಸಾಕ ಬಂದಾಳ ಶಾಣ್ಯಾಕಿ."

ಹೆಂಡತಿ ಹತ್ತಿರ ಇರುವುದೂ ಪಥ್ಯಕ್ಕೆ ಬರುವುದಿಲ್ಲವೆಂದು ಆ ವಾರವೇ ಅವಳನ್ನು ಟಿಕೋಟಾಕ್ಕೆ ಕಳಿಸಿದರು. ಹೋಗುವಾಗ ಅವಳು ನನ್ನ ಮುಖ ನೋಡಿದಳು. ಕಳಿಸಬೇಡಿ, ಇಲ್ಲೇ ಇರಲಿ ಎಂದು ಹೇಳುವಷ್ಟು ತ್ರಾಣ ನನ್ನ ದನಿಯಲ್ಲಿ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಅಮಾವಾಸ್ಯೆಗೆ ತಕ್ಕಡಿಯ ಪೂಜೆ. ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆಯುತ್ತಿದ್ದರು. ಪೂಜೆಯಾದ ತಕ್ಕಡಿಯಲ್ಲಿ ಮೊದಲು ಒಳ್ಳೆಯದೇನಾದರೂ ತೂಗಬೇಕು, ಬರಿದೇ ಬಿಡಬಾರದು. ಅಣ್ಣನಿಗೆ ಒಂದು ಯೋಚನೆ ಹೊಳೆಯಿತು. "ಮಲ್ಲೂನ ಕೂಡಸ್ರಿ" ಎಂದ. ನನ್ನನ್ನು ಎತ್ತಿ ತಟ್ಟೆಯಲ್ಲಿ ಕೂರಿಸಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಕಲ್ಲು ಹೆಚ್ಚಾಗುತ್ತ ಹೋದವು. ಪ್ರತಿ ಸಲವೂ ಅಣ್ಣ ಕಲ್ಲು ಇಳಿಸುತ್ತ ಅವ್ವನನ್ನು ಕೂಗಿ ಕರೆಯುತ್ತಿದ್ದ. "ಏರೇತಿ ಬೇ ಯವ್ವಾ, ಏರೇತಿ! ಪೂಜಾ ಮಾಡಿದ ತಕ್ಕಡಿ, ಸುಳ್ಳ ಹೇಳೂದಿಲ್ಲ."

ತೂಕ ಏರಿದಷ್ಟೂ ಅವ್ವ ಗಂಜಿಯನ್ನು ತಿಳಿ ಮಾಡಿದಳು. ಫಲ ಕೊಡುತ್ತಿರುವ ಔಷಧವನ್ನು ಯಾರಾದರೂ ಬಿಡುತ್ತಾರೆಯೇ?

ನನಗೆ ಗೊತ್ತಾಗುತ್ತಿತ್ತು, ಏನೋ ತಪ್ಪುತ್ತಿದೆ ಎಂದು. ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು, ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ಆದರೆ ಭುಜ ಗೂಟದಂತಾಗಿ, ತೊಡೆ ಸೊರಗಿ, ಕೂತರೆ ಮೂಳೆ ನೆಲಕ್ಕೆ ಒತ್ತುತ್ತಿತ್ತು. ಮದುವೆಯ ಉಂಗುರವನ್ನು ದಾರ ಸುತ್ತಿ ಹಾಕಿಕೊಂಡಿದ್ದೆ.

"ಯಣ್ಣಾ, ನೀರಿನ ಚರಗಿ ಎತ್ತಾಕ ಆಗವಲ್ದು" ಎಂದೆ ಒಮ್ಮೆ.

"ದಪ್ಪ ಆಗೀದಿ, ಅದಕ್ಕ ಆಲಸ್ಯಾ" ಎಂದು ಅವನು ನಕ್ಕ. ಪ್ರೀತಿಯಿಂದಲೇ ನಕ್ಕ. ನನ್ನ ಮನೆಯವರು ಕೆಟ್ಟವರಾಗಿದ್ದರೆ ನಾನು ಅವರಿಂದ ತಪ್ಪಿಸಿಕೊಂಡು ಓಡಿಹೋಗುತ್ತಿದ್ದೆನೋ ಏನೋ.

ಮಗ ಗುಣವಾದರೆ ಅವನ ತೂಕದ ಬೆಲ್ಲ ತೂಗುತ್ತೇನೆಂದು ಅವ್ವ ಬಬಲೇಶ್ವರದ ದೇವರಿಗೆ ಹರಕೆ ಹೊತ್ತಿದ್ದಳು. ಮದುವೆಯ ಹೊತ್ತಿನಲ್ಲಿ ಇದ್ದದ್ದಕ್ಕಿಂತ ನನ್ನ ತೂಕ ಹೆಚ್ಚಾದಾಗ ಇನ್ನೇನು, ಗುಣವಾಯಿತು ಎಂದು ತೀರ್ಮಾನಿಸಿದರು. ಬಂಡಿ ಕಟ್ಟಿಸಿ, ಬೆಲ್ಲದ ಪೆಂಟೆ ಹೇರಿ, ಬೀಗರನ್ನು ಕರೆದರು. ನೀಲವ್ವನೂ ತನ್ನ ಅಪ್ಪನೊಂದಿಗೆ ಟಿಕೋಟಾದಿಂದ ಬಂದಳು.

ಗುಡಿಯ ಅಂಗಳದಲ್ಲಿ ನಮ್ಮದೇ ಅಂಗಡಿಯ ತಕ್ಕಡಿ ಕಟ್ಟಿದ್ದರು. ನನ್ನನ್ನು ಕೂರಿಸಿ ಎದುರಿಗೆ ಬೆಲ್ಲ ಇಟ್ಟರು. ಮುಳ್ಳು ನೆಟ್ಟಗಾಗುವ ಹೊತ್ತಿಗೆ ತಂದ ಬೆಲ್ಲ ಮುಗಿದು ಆ ಊರಿನ ಅಂಗಡಿಯಿಂದ ಇನ್ನೊಂದು ಪೆಂಟೆ ತರಿಸಬೇಕಾಯಿತು. ಜನ ಕೈ ತಟ್ಟಿ ನಕ್ಕರು. "ಪಥ್ಯಾ ಮಾಡೀನೂ ಹಿಂಗ ಮೈ ಹಿಡದಾನ, ಹೋಳಿಗಿ ಉಂಡಿದ್ರ ತೊಲಿ ಮುರೀತಿತ್ತು" ಎಂದ ಯಾರೋ. ಅವ್ವ ಅಂದು ಕಂಡಷ್ಟು ಚೆಲುವಾಗಿ ಮತ್ತೆಂದೂ ನನಗೆ ಕಾಣಲಿಲ್ಲ. ಬೆಲ್ಲವನ್ನು ಒಡೆದು ಎಲ್ಲರ ಕೈಗೂ ಹಂಚಿದರು, ನನ್ನ ಕೈಯೊಂದನ್ನು ಬಿಟ್ಟು.

ಇಳಿಯಲು ಹೋದಾಗ ಕಾಲು ನಿಲ್ಲಲಿಲ್ಲ. ಮಣ್ಣಿನಲ್ಲಿ ಕೂತುಬಿಟ್ಟೆ. ಏನೇನೋ ಮಾತಾಡಿದೆನಂತೆ. ಸತ್ತ ಅಪ್ಪನನ್ನು ಕರೆದು ಚೀಲ ಇಳಿಸಿಕೋ ಎಂದೆನಂತೆ. ಅದು ನನಗೆ ನೆನಪಿಲ್ಲ. ನೆನಪಿರುವುದು ನೀಲವ್ವ ನನ್ನ ಅಂಗಿಯ ತೋಳು ಮೇಲೆತ್ತಿ ಎಲ್ಲರಿಗೂ ತೋರಿಸಿದ್ದು, ಅವ್ವ "ಶುಭಕಾರ್ಯದಾಗ ಅಳತೀಯೇನ?" ಎಂದು ಗದರಿದ್ದು. ನೀಲವ್ವ ಅಳುತ್ತಲೇ ಎದ್ದು ಹೋಗಿ, ಖಾಲಿಯಾದ ತಕ್ಕಡಿಯ ತಟ್ಟೆಯಲ್ಲಿ ಕೂತುಬಿಟ್ಟಳು. ಹರಕೆಯ ತಕ್ಕಡಿಯಲ್ಲಿ ಹೆಂಗಸು ಹಾಗೆ ಹೋಗಿ ಕೂರುವುದೆಂದರೆ! ಪೂಜಾರಿ ಬಾಯಿ ಬಡಿದುಕೊಂಡ.

"ಇವರನ್ನ ವಿಜಾಪುರದ ದೊಡ್ಡ ದವಾಖಾನಿಗಿ ಒಯ್ಯೂತನಕ ನಾ ಏಳೂದಿಲ್ಲ" ಎಂದಳು. "ಬಡೀರಿ ಬೇಕಾದ್ರ. ಏಳೂದಿಲ್ಲ."

ಅವಳ ಅಪ್ಪನೇ ಹೊಡೆಯಲು ಕೈ ಎತ್ತಿದ. ಅಣ್ಣನಿಗೆ ಹತ್ತು ಜನರೆದುರು ರಂಪ ಬೇಡವಾಗಿತ್ತು. ಹೀಗೆ, ರೋಗಕ್ಕಾಗಿ ಅಲ್ಲ, ಮರ್ಯಾದೆಗಾಗಿ ನನ್ನನ್ನು ದವಾಖಾನೆಗೆ ಒಯ್ದರು.

ದವಾಖಾನೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಕಾಯುವವರೆಲ್ಲ ಒಬ್ಬರ ರೋಗವನ್ನು ಒಬ್ಬರು ಅಳೆಯುತ್ತ ಕೂತಿರುತ್ತಾರೆ. ಒಬ್ಬ ಮುದುಕಿ ನನ್ನ ಹೊಟ್ಟೆ ನೋಡಿ ನೀಲವ್ವನಿಗೆ, "ನಿನಗ ಆಗಬೇಕಾದ್ದು ಇವಗ ಆಗೇತಲ್ಲವ್ವಾ" ಎಂದು ಕಿಸಕ್ಕನೆ ನಕ್ಕಳು. ಬೆಂಚಿಗೆ ಬೆಂಚೇ ನಕ್ಕಿತು. ನನಗೂ ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತಿತ್ತು.

ಡಾಕ್ಟರು ಮೈಸೂರಿನ ಕಡೆಯವರು, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ವರ್ಗವಾಗಿ ಬಂದವರು. ಎಲ್ಲರೂ ನೋಡುತ್ತಿದ್ದ ಹೊಟ್ಟೆಯನ್ನು ಅವರು ಕಡೆಗೆ ನೋಡಿದರು. ಮೊದಲು ಕಣ್ಣಿನ ಬದಿಯ ಕಣತಲೆ ಒತ್ತಿದರು, ಅಲ್ಲಿ ಗುಳಿ ಬಿದ್ದಿತ್ತು. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಹಿಡಿದರು, ಹಿಡಿಯಲು ಮಾಂಸವೇ ಇರಲಿಲ್ಲ. ರಟ್ಟೆಯ ಹಿಂದಿನ ಚರ್ಮವನ್ನು ಚಿವುಟಿ ಎಳೆದರು, ಅದು ಹಳೆಯ ಅಂಗಿಯಂತೆ ಎದ್ದು ಬಂತು. ಸಿಂಪಿಗರ ಅಳತೆಪಟ್ಟಿ ತಂದು ರಟ್ಟೆಗೆ ಸುತ್ತಿದರು. ಆಮೇಲೆ ರಕ್ತದೊತ್ತಡ ನೋಡುವ ಚೀಲಕ್ಕೆ ಸ್ವಲ್ಪ ಗಾಳಿ ತುಂಬಿ, ಮಡಚಿ ನನ್ನ ಅಂಗೈಯಲ್ಲಿಟ್ಟು, "ಜೋರಾಗಿ ಹಿಸುಕಿ" ಎಂದರು. ನಾನು ಹಲ್ಲು ಕಚ್ಚಿ ಹಿಸುಕಿದೆ. ಗಾಜಿನ ಕೊಳವೆಯಲ್ಲಿ ಪಾದರಸ ಒಂದಿಷ್ಟು ಅಲುಗಿತು. ಅದನ್ನೇ ನೀಲವ್ವನ ಕೈಗೆ ಕೊಟ್ಟರು, ಅವಳು ಹಿಸುಕಿದಾಗ ಪಾದರಸ ಕೊಳವೆಯಲ್ಲಿ ಸರ್ರನೆ ಏರಿತು. ಅವಳು ಹೆದರಿ ಕೈ ಬಿಟ್ಟಳು.

"ಏನು ತಿನ್ನಿಸ್ತೀರಮ್ಮಾ ಇವರಿಗೆ?" ಎಂದು ಅವ್ವನನ್ನು ಕೇಳಿದರು.

ಅವ್ವ ನೆಟ್ಟಗೆ ಕೂತು ಹೇಳಿದಳು. "ಉಪ್ಪ ಇಲ್ರಿ, ಖಾರ ಇಲ್ರಿ, ಎಣ್ಣಿ ಇಲ್ರಿ, ಬ್ಯಾಳಿ ಇಲ್ರಿ, ಹಾಲ ಇಲ್ರಿ..."

"ಇಲ್ಲದ್ದು ಬೇಡ. ಇರೋದು ಹೇಳಿ."

ಅವ್ವ ಬಾಯಿ ತೆರೆದಳು. ಗಂಜಿ ಎಂದಳು. ಅದರ ಮುಂದೆ ಹೇಳಲು ಏನೂ ಇರಲಿಲ್ಲ. ಅವಳು ನಮ್ಮೆಲ್ಲರ ಮುಖ ನೋಡಿದಳು, ಯಾರಾದರೂ ಇನ್ನೊಂದು ಪದಾರ್ಥದ ಹೆಸರು ಹೇಳಬಹುದೋ ಎನ್ನುವಂತೆ.

ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ದಪ್ಪ ಟೊಳ್ಳು ಸೂಜಿ, ಅಂಗಡಿಯಲ್ಲಿ ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕೊಳವೆಯಂಥದೇ. ತಿಳಿ ಹಳದಿ ನೀರು ಬಕೀಟಿಗೆ ಇಳಿಯತೊಡಗಿತು. ಅವತ್ತಿಷ್ಟು, ಮತ್ತೊಂದು ದಿನ ಇಷ್ಟು. ಕಾಲಿನ ಬಾವು ಇಳಿಯಲು ಚುಚ್ಚುಮದ್ದು ಬೇರೆ. ಎಲ್ಲ ಇಳಿದ ಮೇಲೆ ನನ್ನನ್ನು ದವಾಖಾನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅಣ್ಣ ಬಗ್ಗಿ ಮುಳ್ಳು ನೋಡಿದ. ಕಿಲೋವನ್ನು ಮನಸ್ಸಿನಲ್ಲೇ ಸೇರು ಮಾಡಿ ನೋಡಿದ. ಮತ್ತೊಮ್ಮೆ ಬಗ್ಗಿ ನೋಡಿದ.

"ನಿಮ್ಮ ತಮ್ಮ ಅಂದ್ರೆ ಇಷ್ಟೇ ಇವರು" ಎಂದರು ಡಾಕ್ಟರು. "ಉಳಿದದ್ದು ಬಕೀಟಿನಲ್ಲಿತ್ತು."

ಅಣ್ಣ ಗೋಡೆಗೆ ಆತು ಕೂತ. "ತೊಯ್ದ ಮಾಲ" ಎಂದ ತನಗೆ ತಾನೇ. "ತೊಯ್ದ ಮಾಲ ತೂಗಿದ್ನಲ್ಲೋ ಯಪ್ಪಾ. ಒಂದ ಚೀಲಾನೂ ಕಡೀದ ತಗೊಂಡಾಂವಲ್ಲ ನಾ. ಒಂದ ಸಲ ಕೈ ಹಾಕಿ ನೋಡಲಿಲ್ಲ ನಿನ್ನ." ಎದ್ದು ಹೊರಗೆ ಹೋದ. ಅವನನ್ನು ಸಮಾಧಾನ ಮಾಡಲು ನಾನು ಹೋಗಲಿಲ್ಲ. ಕೂರಲಿ, ಸ್ವಲ್ಪ ಹೊತ್ತು ಅಲ್ಲೇ ಕೂರಲಿ ಅನ್ನಿಸಿತು.

ಡಾಕ್ಟರು ಅವ್ವನಿಗೂ ಹೇಳಿದರು. "ರೋಗ ಇದೆ. ಅದು ಹೋಗಲ್ಲ, ಜೊತೆಯಲ್ಲೇ ಬದುಕಬೇಕು. ಆದರೆ ಇವರು ಈಗ ಸಾಯ್ತಾ ಇರೋದು ರೋಗದಿಂದ ಅಲ್ಲ, ಹಸಿವಿನಿಂದ. ಉಪ್ಪು ಬಿಟ್ಟಿದ್ದು ಒಂದು ಸರಿ. ಮಿಕ್ಕಿದ್ದೆಲ್ಲ ಕೊಡಬೇಕು. ಬೇಳೆ, ಹಾಲು, ಮೊಸರು, ಕಡಲೆಕಾಯಿ. ಹೊಟ್ಟೆ ತುಂಬ."

ಅವ್ವ ಅವರನ್ನೇ ನೋಡುತ್ತ ಕೂತಿದ್ದಳು. ಅವರು ಹೋದ ಮೇಲೆ, "ಆ ಮೈಸೂರಾಂವಗ ನಮ್ಮ ಪಥ್ಯದ್ದೇನ ಗೊತ್ತು" ಎಂದಳು. ಅವಳ ದನಿ ಮೊದಲಿನಂತಿರಲಿಲ್ಲ.

ನನ್ನ ಪಕ್ಕದ ಮಂಚದಲ್ಲಿ ಕಳ್ಳಕವಟಗಿಯ ಸಿದ್ರಾಮ ಎಂಬ ಕೂಲಿ ಮಾಡುವವನು ಇದ್ದ. ಅವನಿಗೂ ಇದೇ ರೋಗ, ಇದೇ ಹೊಟ್ಟೆ. ಅವನ ಹೆಂಡತಿ ಕಾಶವ್ವ ದಿನವೂ ತತ್ತಿ ಬೇಯಿಸಿಕೊಂಡು ಬರುತ್ತಿದ್ದಳು, ಅವನು ಕಣ್ಣು ಮುಚ್ಚಿ ಸಾವಕಾಶ ತಿನ್ನುತ್ತಿದ್ದ. ಅವರ ಜಾತಿ ತಿಳಿದ ಅವ್ವ ನಮ್ಮ ನೀರಿನ ತಂಬಿಗೆಯನ್ನು ಮಂಚದ ಈಚೆ ಬದಿಗೆ ಸರಿಸಿಟ್ಟಿದ್ದಳು. ಕಾಶವ್ವ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದಳು. ಸಿದ್ರಾಮನ ಜತೆ ನನಗೆ ಸಲಿಗೆ ಬೆಳೆಯಿತು. "ಅಣ್ಣಾರ, ಯಾರ ಹೊಟ್ಟಿ ಮೊದಲ ಇಳೀತೈತಿ ಪಂತ ಕಟ್ಟೂಣೇನ್ರಿ?" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಉಂಡು ಮಲಗಿದವನು ಎದ್ದು ಕೂತು ರಕ್ತ ಕಾರಿಕೊಂಡ. ಡಾಕ್ಟರು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಈ ರೋಗ ಹೀಗೂ ಕೊಲ್ಲುತ್ತದೆ, ಉಂಡವನನ್ನೂ ಬಿಡುವುದಿಲ್ಲ. ಉಂಡರೆ ಬದುಕಿಯೇ ಬಿಡುತ್ತೀರಿ ಎಂದು ನಾನು ಯಾರಿಗೂ ಸುಳ್ಳು ಹೇಳಲಾರೆ.

ಹೆಣಕ್ಕೆ ಬಟ್ಟೆ ಮುಚ್ಚಿದ್ದರು. ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ, "ನೋಡಿದಿಲ್ಲ? ಉಂಡ, ಸತ್ತ" ಎಂದಳು. ನಾನು ತಿರುಗಿ ಅವಳ ಮುಖ ನೋಡಿದೆ. ಅದರಲ್ಲಿ ಒಂದು ನಿರಾಳ ಇತ್ತು.

ಕಾಶವ್ವ ಕೇಳಿಸಿಕೊಂಡಿದ್ದಳು. ತನ್ನ ಗಂಟು ಕಟ್ಟುತ್ತಲೇ ಹೇಳಿದಳು, "ಖರೇ ಐತ್ರೀ ಯವ್ವಾ. ಉಂಡ ಸತ್ತ. ಹಸದು ಸಾಯಲಿಲ್ಲ. ನನಗ ಅಷ್ಟ ಸಾಕು."

ಆಗಲೇ ನನಗೆ ವಿಷಯ ಪೂರ್ತಿ ತಿಳಿದದ್ದು. ನಾನು ಉಂಡು ಸತ್ತರೆ ಅವ್ವನ ಪಥ್ಯ ಸರಿ, ಅಪ್ಪ ತನ್ನ ಆಯುಷ್ಯ ತೀರಿ ಹೋದವನು. ನಾನು ಉಂಡು ಬದುಕಿದರೆ ಅಪ್ಪನನ್ನು ಯಾರು ಕೊಂದದ್ದು? ನನ್ನನ್ನು ಹೆತ್ತವಳು ಅವಳು, ನಾನು ಬದುಕಲಿ ಎಂದು ದೇವರಿಗೆ ಬೆಲ್ಲ ತೂಗಿದವಳು. ಆದರೂ ನನ್ನ ಮೈಮೇಲೆ ಏರುವ ಒಂದೊಂದು ತೊಲೆ ಮಾಂಸವೂ ಅವಳ ಮೇಲೆ ಸಾಕ್ಷಿ ಹೇಳುತ್ತಿತ್ತು. ಇದು ತಿಳಿದ ಮೇಲೂ ನಾನು ತುತ್ತು ಎತ್ತಬೇಕಾಗಿತ್ತು.

ಮನೆಗೆ ಬಂದೆವು. ನೀಲವ್ವ ಅಡುಗೆಮನೆಗೆ ಹೋದಳು, ಅವ್ವ ಅಡುಗೆಮನೆಯಿಂದ ಹೊರಬಂದಳು. ಯಾರೂ ಜಗಳ ಮಾಡಲಿಲ್ಲ. ಉಪ್ಪಿಲ್ಲದ ತೊಗರಿ ಬೇಳೆ ಮಣ್ಣು ನೆಕ್ಕಿದ ಹಾಗಿರುತ್ತದೆ. ನಿಂತುಹೋದ ಹಸಿವು ಕರೆದರೆ ಬರುವುದಿಲ್ಲ, ಅದನ್ನು ತುತ್ತು ತುತ್ತಾಗಿ ಪುಸಲಾಯಿಸಬೇಕು. ಎರಡು ತುತ್ತಿಗೆ ವಾಕರಿಕೆ. ನೀಲವ್ವ ತಟ್ಟೆ ತೆಗೆಯುತ್ತಿರಲಿಲ್ಲ. "ಸಾವಕಾಶ ಉಣ್ರಿ, ನನಗೇನ ಬ್ಯಾರೆ ಕೆಲಸ ಇಲ್ಲ" ಎಂದು ಎದುರಿಗೇ ಕೂರುತ್ತಿದ್ದಳು. ಹಾಲು, ಮೊಸರು, ಹುರಿದು ಕುಟ್ಟಿದ ಶೇಂಗಾ, ಬಿಸಿ ರೊಟ್ಟಿ. ದಿನಕ್ಕೆ ಹಲವು ಸಲ, ಇಷ್ಟಿಷ್ಟೇ. ಹೊಟ್ಟೆಯಲ್ಲಿ ನೀರು ಮತ್ತೆ ತುಂಬಿತು, ಮತ್ತೆ ತೆಗೆಸಿದೆವು. ನಡುವೆ ಒಂದು ಸಲ ಜ್ವರ ಬಂದು, ಇವ ಉಳಿಯುವುದಿಲ್ಲ ಎಂದು ನೆಂಟರು ನೋಡಿಕೊಂಡು ಹೋದರು. ಸೋದರತ್ತೆ ಅಳಲು ತಯಾರಾಗಿಯೇ ಬಂದಿದ್ದಳು, ನಿರಾಶೆಯಾಯಿತು.

ನೀರು ಇಳಿದ ಹಾಗೆ ತೂಕವೂ ಇಳಿಯಿತು. ಆದರೆ ಡಾಕ್ಟರು ತೂಕ ಕೇಳುತ್ತಲೇ ಇರಲಿಲ್ಲ, ಪ್ರತಿ ಸಲವೂ ಅದೇ ಸಿಂಪಿಗರ ಪಟ್ಟಿಯನ್ನು ರಟ್ಟೆಗೆ ಸುತ್ತುತ್ತಿದ್ದರು. ಅಣ್ಣ ಮತ್ತೆ ನನ್ನನ್ನು ತಕ್ಕಡಿಗೆ ಹತ್ತಿಸಲಿಲ್ಲ, ಅಮಾವಾಸ್ಯೆಗೆ ಮೊದಲ ತೂಕ ಬೆಲ್ಲದ ಪೆಂಟೆಯದೇ ಆಯಿತು. ಅಂಗಡಿಗೆ ಹೋಗುವಾಗ ಬರುವಾಗ ನನ್ನ ತೋಳನ್ನು ಒಮ್ಮೆ ಹಿಡಿದು ಬಿಡುತ್ತಿದ್ದ.

ಅವ್ವ ಉಪ್ಪನ್ನು ಹಿಡಿದುಕೊಂಡಿದ್ದಳು. "ಉಪ್ಪ ಬಿಡಿಸಿದಾಕಿ ನಾನ. ಡಾಕ್ಟರನೂ ಅದ ಸರಿ ಅಂದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪನ ಪಥ್ಯದ ಮಾತು ಮಾತ್ರ ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ನಾನು ಉಣ್ಣುವಾಗ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು.

ವರ್ಷ ಒಂದೋ ಎರಡೋ ಕಳೆದಿರಬೇಕು. ಒಂದು ಮಧ್ಯಾಹ್ನ ನೀಲವ್ವ ಬಾವಿಗೆ ಹೋಗಿದ್ದಳು. ನಾನು ಊಟಕ್ಕೆ ಕೂತಿದ್ದೆ, ತಟ್ಟೆಯಲ್ಲಿ ಇನ್ನೂ ಏನೂ ಬಿದ್ದಿರಲಿಲ್ಲ. ಅವ್ವ ಎದ್ದು ಬಂದು ನನ್ನ ಪಕ್ಕ ಕೂತಳು. ರಟ್ಟೆಯನ್ನು ಕೈಯಿಂದ ಸುತ್ತಿ ಹಿಡಿದಳು. ಬೆರಳಿಗೆ ಬೆರಳು ಮುಟ್ಟಲಿಲ್ಲ.

"ತುಂಬೇತಿ" ಎಂದಳು.

"ಹೂಂ" ಎಂದೆ.

"ಮಲ್ಲೂ, ಒಂದ ಮಾತ ಕೇಳತೇನಿ. ನಿನಗ ಕಡೀಕಡೀಕ ಹಸಿವಿ ಸತ್ತಿತ್ತಲ್ಲ?"

"ಸತ್ತಿತ್ತು ಬೇ ಯವ್ವಾ."

"ಸತ್ತ ಮ್ಯಾಲ ತ್ರಾಸ ಇರೂದಿಲ್ಲ, ಹೌದಿಲ್ಲ? ಉಣಬೇಕಂತ ಅನಸೂದ ಇಲ್ಲ?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಅವಳಿಗೆ ಬೇಕಾದ ಉತ್ತರವೂ ನಿಜವೇ ಆಗಿತ್ತು. ಹಾಗಾಗಿ ಹೇಳಿದೆ: "ಇಲ್ಲ ಬೇ. ಏನೂ ಅನಸೂದಿಲ್ಲ. ಯಾರ ಏನ ತಂದ್ರೂ ಬ್ಯಾಡ ಅನಸ್ತೈತಿ. ಕೇಳೂದನೂ ಇಲ್ಲ."

ಅವಳ ಮುಖ ಒಂದು ಗಳಿಗೆ ಹಗುರಾಯಿತು. ತಲೆಯಾಡಿಸಿದಳು. ಆಮೇಲೆ ತಲೆಯಾಡಿಸುವುದು ನಿಂತಿತು.

"ಅವರು ಕೇಳಿದ್ರು" ಎಂದಳು. "ಕಡೀ ದಿನ ಬ್ಯಾಳಿ ಕೇಳಿದ್ರು. ನನ್ನ ಕೈ ಹಿಡದ ಕೇಳಿದ್ರು."

ಅವಳ ಕೈ ಇನ್ನೂ ನನ್ನ ರಟ್ಟೆಯ ಮೇಲಿತ್ತು.

"ಹಂಗಾರ ಅವರ ಹಸಿವಿ ಸತ್ತಿರಲಿಲ್ಲ, ಮಲ್ಲೂ."

ಅವ್ವ ಎದ್ದು ಅಡುಗೆಮನೆಗೆ ಹೋದಳು. ನಾವು ದವಾಖಾನೆಯಿಂದ ಬಂದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬೇಳೆಯ ಗಡಿಗೆಯನ್ನೇ ಎತ್ತಿಕೊಂಡು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತು ಬಡಿಸಿದಳು. ನಾನು ಉಂಡೆ. ಮತ್ತೆ ಬಡಿಸಿದಳು, ಮತ್ತೆ ಉಂಡೆ. ಹೊಟ್ಟೆ ತುಂಬಿತ್ತು, ಆದರೆ ಸಾಕು ಎನ್ನಲು ನನಗೆ ಧೈರ್ಯ ಬರಲಿಲ್ಲ. ಗಡಿಗೆ ಬರಿದಾಗುವ ತನಕ ಅವಳು ಬಡಿಸುತ್ತಲೇ ಇದ್ದಳು, ನಾನು ಉಣ್ಣುತ್ತಲೇ ಇದ್ದೆ.